ಮೂರಂಕಣದಲ್ಲಿ ಹನ್ನೊಂದು ಜನ

ದೇವದುರ್ಗ ತಾಲ್ಲೂಕಿನ ಮಸರಕಲ್ಲಿನಲ್ಲಿ ನಾನು ಹುಡುಗಿಯಾಗಿದ್ದಾಗ ಮನೆಯ ಅಳತೆಯನ್ನು ಯಾರೂ ಅಡಿ ಲೆಕ್ಕದಲ್ಲಿ ಹೇಳುತ್ತಿರಲಿಲ್ಲ. ಹೆಣ್ಣು ಕೊಡಲು ಬಂದವರು ಗಂಡಿನ ಕಡೆಯವರನ್ನು ಎರಡು ಮಾತು ಕೇಳುತ್ತಿದ್ದರು: ಹೊಲ ಎಷ್ಟು ಕೂರಿಗೆ, ಮನೆ ಎಷ್ಟು ಅಂಕಣ. ಕಂಬದ ಮೇಲೆ ತೊಲೆ, ತೊಲೆಯಿಂದ ತೊಲೆಗೆ ಜಂತಿ. ಎರಡು ತೊಲೆಗಳ ನಡುವೆ ಜಂತಿ ಹಾಯುವಷ್ಟು ಜಾಗವೇ ಒಂದು ಅಂಕಣ. ಒಂದಂಕಣದವರು ಬಡವರು, ಮೂರಂಕಣದವರು ಉಂಡುಟ್ಟುಕೊಂಡು ಇರುವವರು, ಏಳೋ ಒಂಬತ್ತೋ ಅಂಕಣವಾದರೆ ಅದು ಗೌಡರ ಇಲ್ಲವೇ ಕುಲಕರ್ಣಿಯವರ ವಾಡೆ. ಜಂತಿಗೆ ಸಿಗುತ್ತಿದ್ದದ್ದು ಬೇವು, ಜಾಲಿ. ನಮ್ಮ ಎರೆಸೀಮೆಯಲ್ಲಿ ಈ ಮರಗಳು ಏಳೆಂಟು ಅಡಿ ನೆಟ್ಟಗೆ ಬಂದರೆ ಹೆಚ್ಚು, ಅಲ್ಲಿಂದ ಮುಂದೆ ಸೊಟ್ಟಗಾಗುತ್ತವೆ, ಕವಲೊಡೆಯುತ್ತವೆ. ಅಂಕಣದ ಅಗಲವೂ ಅಲ್ಲಿಗೇ ನಿಂತಿತು. ಒಂದು ಕುಟುಂಬಕ್ಕೆ ಎಷ್ಟು ಜಾಗ ಎಂಬುದನ್ನು ನಮ್ಮ ಕಡೆ ಮೊದಲು ತೀರ್ಮಾನಿಸಿದ್ದು ಹೊಲದ ಬದುವಿನ ಬೇವಿನ ಮರ.

ನಾನು ಪ್ರಾಥಮಿಕ ಶಾಲೆಯಲ್ಲಿ ಅಕ್ಕೋರಾಗಿ ದುಡಿದು ನಿವೃತ್ತಳಾದವಳು. ಶಾಲೆಯವರಿಗೆ ಗಣತಿಯ ಕೆಲಸ ತಪ್ಪಿದ್ದಲ್ಲ. 2011ರ ಜನಗಣತಿಗೆ ಮುಂಚೆ, 2010ರ ಬೇಸಿಗೆಯಲ್ಲಿ ಮನೆಪಟ್ಟಿ ಮಾಡಲು ಹೋದಾಗ ಕೈಯಲ್ಲಿದ್ದ ನಮೂನೆಯಲ್ಲಿ ಒಂದು ಕಾಲಂ ಇತ್ತು: ಈ ಕುಟುಂಬಕ್ಕೆ ವಾಸದ ಕೋಣೆಗಳು ಎಷ್ಟು? ಕೋಣೆ ಎಂದರೇನು ಎಂಬುದಕ್ಕೂ ಕಟ್ಟಳೆ ಇತ್ತು. ಗೋಡೆ, ಬಾಗಿಲು, ಚಾವಣಿ ಇರಬೇಕು, ಉದ್ದ 2 ಮೀಟರಿಗೆ, ಅಗಲ ಒಂದೂವರೆ ಮೀಟರಿಗೆ, ಎತ್ತರ 2 ಮೀಟರಿಗೆ ಕಡಿಮೆ ಇರಬಾರದು. ಅಂದರೆ ಒಬ್ಬ ಮನುಷ್ಯ ಕಾಲು ಚಾಚಿ ಮಲಗುವಷ್ಟು. ಅಡುಗೆಮನೆ, ಬಚ್ಚಲು, ಉಗ್ರಾಣ, ವಾಸಕ್ಕೆ ಬರದ ಜಗಲಿ ಲೆಕ್ಕಕ್ಕಿಲ್ಲ. ಓಣಿಯ ಒಂದು ಮನೆಯಲ್ಲಿ ವಯಸ್ಸಾದ ಅಮ್ಮ ಒಬ್ಬರು ನನ್ನನ್ನೇ ತಿರುಗಿ ಕೇಳಿದರು: "ಕ್ವಾಣಿ ಅಂದ್ರ ಯಾವುದು ಬರಸ್ಲಿ ಅಕ್ಕೋರ? ಒಳಗ ಕಾಳು ಅದಾವು, ದನ ಅದಾವು. ನಾವು ಮಾಳಿಗಿ ಮ್ಯಾಲ ಮಕ್ಕೊಂತೀವಿ." ಕಾಲಮಿನಲ್ಲಿ ಒಂದು ಎಂದು ಬರೆದೆ. ಆ ಸಲದ ಗಣತಿಯಲ್ಲಿ ದೇಶದ ನೂರು ಕುಟುಂಬಗಳಲ್ಲಿ 37 ಕುಟುಂಬಗಳು ಒಂದೇ ಕೋಣೆಯಲ್ಲಿ ಇವೆ ಎಂದು ಲೆಕ್ಕ ಬಂತು. ಆ ಮೂವತ್ತೇಳರಲ್ಲಿ ಮಾಳಿಗೆಯ ಮೇಲೆ ಮಲಗುವ ನಮ್ಮವರೂ ಸೇರಿದ್ದಾರೆ. ಅಂದಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ. ನಮ್ಮೂರಿನ ಮನೆ ಹೇಗೆ ಹುಟ್ಟಿತು, ಒಳಗೆ ಯಾರು ಎಲ್ಲಿದ್ದರು, ಹೇಗೆ ಕರಗಿತು ಎಂಬುದನ್ನು ಬರೆದಿಡಬೇಕು ಅನ್ನಿಸಿದ್ದೂ ಆವಾಗಲೇ.

ನಮ್ಮ ಮನೆಯನ್ನು ಕಟ್ಟಿಸಿದವರು ನಮ್ಮ ಮುತ್ಯಾ, ಪೊಲೀಸ್ ಆ್ಯಕ್ಷನ್ ಆದ ಎರಡು ಮೂರು ವರ್ಷಕ್ಕೆ. ಆಗ ನಾವಿನ್ನೂ ಹೈದರಾಬಾದ್ ರಾಜ್ಯದವರು. ನಿಜಾಮರ ಆಳ್ವಿಕೆ 1948ರ ಸೆಪ್ಟೆಂಬರಿನಲ್ಲಿ ಮುಗಿದಿತ್ತು, ಮೈಸೂರು ರಾಜ್ಯಕ್ಕೆ ನಾವು ಸೇರಿದ್ದು 1956ರ ನವೆಂಬರ್ 1ಕ್ಕೆ. ರಜಾಕಾರರ ಗಲಾಟೆಯಲ್ಲಿ ಊರು ಬಿಟ್ಟಿದ್ದವರು ಮರಳಿ ಬಂದು ಮನೆ ಹಾಕಿಕೊಂಡ ಕಾಲ ಅದು. ಜಾಗಕ್ಕೆ ಹಗ್ಗ ಹಿಡಿಯುವ ಮೊದಲು ಆಯ ನೋಡಿಸಿದರು. ಉದ್ದ ಅಗಲ ಗುಣಿಸಿ, ಎಂಟರಿಂದ ಭಾಗಿಸಿ, ಉಳಿದ ಶೇಷ ನೋಡುವುದು. ಒಂದು ಉಳಿದರೆ ಧ್ವಜಾಯ, ಎರಡು ಧೂಮ, ಮೂರು ಸಿಂಹ, ನಾಲ್ಕು ಶ್ವಾನ, ಐದು ವೃಷಭ, ಆರು ಖರ, ಏಳು ಗಜ, ಏನೂ ಉಳಿಯದಿದ್ದರೆ ಕಾಕ. ಬೆಸ ಉಳಿದರೆ ಒಳ್ಳೆಯದು. ಹೊಗೆ, ನಾಯಿ, ಕತ್ತೆ, ಕಾಗೆಗಳ ಆಯದಲ್ಲಿ ಯಾರೂ ಮನೆ ಕಟ್ಟುತ್ತಿರಲಿಲ್ಲ. ನಮ್ಮದು ಒಳ ಅಳತೆ 23 ಅಡಿಗೆ 27. ಗುಣಿಸಿದರೆ 621, ಎಂಟರಿಂದ ಭಾಗಿಸಿದರೆ ಐದು ಉಳಿಯುತ್ತದೆ, ವೃಷಭಾಯ. ಎತ್ತು ಕಟ್ಟುವ ಒಕ್ಕಲಿಗೆ ಇದಕ್ಕಿಂತ ಹೊಂದುವ ಆಯ ಯಾವುದು? ಜಾಗ ಇನ್ನೂ ಇತ್ತು. 24 ಅಡಿ ಹಾಕಿದ್ದರೆ 648, ಶೇಷ ಸೊನ್ನೆ, ಕಾಕಾಯ. ಹಾಗಾಗಿ ಒಂದಡಿ ಬಿಟ್ಟರು.

ಗೋಡೆ ಎರಡಡಿ ದಪ್ಪ, ಕಲ್ಲು ಮತ್ತು ಕೆಸರು. ಮೇಲೆ ತೊಲೆ, ಜಂತಿ, ಜಂತಿಗೆ ಅಡ್ಡಲಾಗಿ ಒತ್ತಾಗಿ ಕಟ್ಟಿಗೆ, ಅದರ ಮೇಲೆ ಹಾಸು ಹಾಸಾಗಿ ಬೇವಿನ ಸೊಪ್ಪು. ಗೆದ್ದಲು ಹತ್ತಬಾರದೆಂದು ಬೇವು. ಸೊಪ್ಪಿನ ಮೇಲೆ ಕಲಸಿದ ಮಣ್ಣು, ಎಲ್ಲಕ್ಕಿಂತ ಮೇಲೆ ಚೌಳು ಮಣ್ಣು. ಬೆಳೆಗೆ ಬಾರದ ಆ ಉಪ್ಪು ಮಣ್ಣು ಮಾಳಿಗೆಗೆ ಬಂಗಾರ. ನೀರು ಬಿದ್ದ ಕೂಡಲೇ ಉಬ್ಬಿ ಬಿಗಿದುಕೊಳ್ಳುತ್ತದೆ, ತನ್ನೊಳಗೆ ಹನಿ ಇಳಿಯಗೊಡುವುದಿಲ್ಲ. ಪ್ರತಿ ವರ್ಷ ಮುಂಗಾರಿಗೆ ಮುಂಚೆ ಬಂಡಿಯಲ್ಲಿ ಚೌಳು ತಂದು ಮಾಳಿಗೆಗೆ ಹೊಸ ಮಣ್ಣು ಹಾಕುವುದು ಓಣಿಯವರೆಲ್ಲ ಕೂಡಿ ಮಾಡುವ ಕೆಲಸ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯ ಸೀಮೆಗೆ ಈ ಚಾವಣಿ ಹೇಳಿ ಮಾಡಿಸಿದ್ದು. ಹೊರಗೆ ನಲವತ್ತು ಡಿಗ್ರಿ ದಾಟಿದ ದಿನವೂ ಪಡಸಾಲೆಯ ನೆಲಕ್ಕೆ ಬೆನ್ನು ಕೊಟ್ಟರೆ ತಣ್ಣಗೆ ಹತ್ತುತ್ತಿತ್ತು.

ಇನ್ನು ಒಳಗೆ ಯಾರಿಗೆ ಎಷ್ಟು ಜಾಗ? ಬಾಗಿಲು ದಾಟಿದರೆ ಮೊದಲ ಅಂಕಣವೇ ದನಗಳದ್ದು. ಉಳಿದ ಮನೆಗಿಂತ ಒಂದೂವರೆ ಅಡಿ ತಗ್ಗು, ನೆಲಕ್ಕೆ ಹಾಸುಗಲ್ಲು, ಗೋಡೆಗೆ ಹತ್ತಿ ಗ್ವಾದಲಿ. ಎರಡು ಎತ್ತು, ಒಂದು ಎಮ್ಮೆ, ಒಂದೋ ಎರಡೋ ಕರು. ದನ ಮುಂದೆ, ಜನ ಹಿಂದೆ. ಕಳ್ಳ ಬಂದರೆ ಎತ್ತಿನ ಕೊರಳ ಗಂಟೆ ಎಬ್ಬಿಸಬೇಕು, ನಡುರಾತ್ರಿ ಕಣಿಕೆ ಹಾಕಲು ಹೊರಗೆ ಹೋಗುವಂತಿರಬಾರದು. ತಗ್ಗಿನಿಂದ ಮೆಟ್ಟಿಲೇರಿದರೆ ಪಡಸಾಲೆ. ಅದರ ಒಂದು ಬದಿ ಗುಮ್ಮಿಗಳು, ಎದೆಯೆತ್ತರದ ಮಣ್ಣಿನ ವಾಡೇವು. ಅವುಗಳಲ್ಲಿ ಜೋಳ, ತೊಗರಿ, ಬಿತ್ತುವ ಬೀಜ. ಹಿಂದಿನ ಅಂಕಣದಲ್ಲಿ ಅಡುಗೆ, ದೇವರು, ಒಂದು ಕತ್ತಲ ಕೋಣೆ. ದನದ ಅಂಕಣ ಕಳೆದರೆ ಮನುಷ್ಯರಿಗೆ ಉಳಿದದ್ದು 414 ಚದರಡಿ, ಅದರಲ್ಲೇ ಕಾಳು, ಒಲೆ, ದೇವರು. ನಾವು ಹನ್ನೊಂದು ಜನ: ಮುತ್ಯಾ, ನಾವು ಅಮ್ಮ ಎನ್ನುತ್ತಿದ್ದ ಅಜ್ಜಿ, ಅಪ್ಪ, ಅವ್ವ, ಕಾಕಾ, ಕಾಕಿ, ಐದು ಮಕ್ಕಳು. ತಲೆಗೆ 38 ಚದರಡಿಯೂ ಬರುವುದಿಲ್ಲ, ಎರಡು ಹೊರಸು ಹಾಕುವಷ್ಟು.

ಆದರೂ ಇಕ್ಕಟ್ಟು ಎಂಬ ಮಾತು ನಮ್ಮ ಮನೆಯಲ್ಲಿ ಕೇಳಿದ ನೆನಪಿಲ್ಲ. ಇದು ನೆನಪಿನ ಮಾಯೆ ಎಂದು ಯಾರಾದರೂ ಹೇಳಬಹುದು. ಅದಕ್ಕೇ ಒಂದೊಂದಾಗಿ ಹೇಳುತ್ತೇನೆ. ಎರಡಡಿ ಗೋಡೆಯ ತುಂಬ ಗೂಡುಗಳಿದ್ದವು. ದೀಪಕ್ಕೆ ಗೂಡು, ಎಣ್ಣೆಗೆ ಗೂಡು, ಅಪ್ಪನ ಕನ್ನಡಕಕ್ಕೆ, ನಮ್ಮ ಪಾಟಿ ಪುಸ್ತಕಕ್ಕೆ, ಅವ್ವನ ಕುಂಕುಮದ ಭರಣಿಗೆ ಗೂಡು. ಹಾಸಿಗೆಗಳು ಜಂತಿಗೆ ಇಳಿಬಿಟ್ಟ ಗಳದ ಮೇಲೆ. ನೆಲದ ಮೇಲೆ ಕಾಳಿನ ವಾಡೇವು ಬಿಟ್ಟರೆ ಸಾಮಾನೇ ಇರುತ್ತಿರಲಿಲ್ಲ. ಮನೆಯ ಮುಂದೆ ಕಟ್ಟೆ. ಮುತ್ಯಾನ ಹಗಲು ಪೂರ್ತಿ ಅಲ್ಲೇ ಕಳೆಯುತ್ತಿತ್ತು. ಬಂದವರು ಕೂಡುವುದು, ನ್ಯಾಯ, ಲಗ್ನದ ಮಾತು, ಎಲ್ಲ ಕಟ್ಟೆಯ ಮೇಲೆ. ಹಿಂದೆ ಹಿತ್ತಲು, ಆಚೆ ಕಣ, ಕಣದಲ್ಲಿ ಬಣವಿ, ಬದಿಗೆ ತಿಪ್ಪೆ. ಸುಗ್ಗಿಯ ಜೋಳ ಹೆಚ್ಚಾದರೆ ಹಗೇವು. ನೆಲದೊಳಗೆ ಗಡಿಗೆಯಾಕಾರಕ್ಕೆ ತೋಡಿ, ಒಳಗೆ ಹುಲ್ಲು ಹಾಸಿ, ಕಾಳು ತುಂಬಿ, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಬಡಿಯುತ್ತಿದ್ದರು. ತೆಗೆಯುವ ದಿನ ಯಾರೂ ತಟ್ಟನೆ ಇಳಿಯುವಂತಿಲ್ಲ. ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುವರು. ದೀಪ ಆರಿದರೆ ಒಳಗಿನ ಗಾಳಿ ಇನ್ನೂ ಕೆಟ್ಟಿದೆ, ಉರಿದರೆ ಇಳಿಯಬಹುದು. ಒಂದು ವರ್ಷದ ಅನ್ನವನ್ನು ಮನೆ ತನ್ನ ಹೊಟ್ಟೆಯಲ್ಲಿ ಇಟ್ಟುಕೊಳ್ಳದೆ ನೆಲದ ಹೊಟ್ಟೆಗೆ ಹಾಕಿದ್ದರಿಂದಲೇ ಪಡಸಾಲೆಯಲ್ಲಿ ನಾವು ಸಾಲಾಗಿ ಉಣ್ಣಲು ಕೂಡುವಷ್ಟು ಜಾಗ ಉಳಿಯುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ಕೋಣೆ ಮಾಳಿಗೆ. ಗೋಡೆಯ ದಪ್ಪವೂ ಸೇರುವುದರಿಂದ ಮಾಳಿಗೆ 27 ಅಡಿಗೆ 31 ಆಗುತ್ತದೆ, ಎಂಟುನೂರು ಚದರಡಿ ದಾಟುತ್ತದೆ. ಮನೆಯ ಒಳಗಿಗಿಂತ ಮೇಲೆಯೇ ಜಾಗ ಹೆಚ್ಚು! ಅದರಲ್ಲಿ ದನಕ್ಕೆ ಪಾಲಿಲ್ಲ, ವಾಡೇವಿಗೆ ಪಾಲಿಲ್ಲ. ಹಿತ್ತಲ ಗೋಡೆಯಿಂದ ಹೊರಚಾಚಿದ ಕಲ್ಲಿನ ಚಪ್ಪಡಿಗಳೇ ಮೆಟ್ಟಿಲು. ಅವನ್ನು ಗೋಡೆ ಏರಿಸುವಾಗಲೇ ಕೂಡಿಸಿದ್ದರು. ಹೋಳಿ ಹುಣ್ಣಿಮೆಯಿಂದ ಮಿರಗದ ಮಳೆ ಹತ್ತುವವರೆಗೂ ನಮ್ಮ ಸಂಸಾರ ರಾತ್ರಿ ಮೇಲೇರುತ್ತಿತ್ತು. ಸಂಜೆ ಮಾಳಿಗೆಗೆ ನೀರು ಚಿಮುಕಿಸುವುದು ಹುಡುಗಿಯರ ಕೆಲಸ. ಆಮೇಲೆ ಹಾಸಿಗೆ. ತೆಂಕಣ ಮೂಲೆ ಗಂಡಸರದು, ಬೆಳಕಿಂಡಿಯ ಈಚೆ ಹೆಂಗಸರು ಮಕ್ಕಳು. ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ಮಾತು ಹೋಗುತ್ತಿತ್ತು, ಕೂಸು ಹೋಗುತ್ತಿತ್ತು, ಬುತ್ತಿಯೂ ಹೋಗುತ್ತಿತ್ತು. ಹಗಲಿಗೆ ಅದೇ ಮಾಳಿಗೆ ಮೆಣಸಿನಕಾಯಿ, ಸಂಡಿಗೆ, ತೊಗರಿಬೇಳೆ ಒಣಗಿಸುವ ಕಣ. ಶ್ರಾವಣದ ಜಿಟಿಜಿಟಿಯಲ್ಲಿ ಮತ್ತು ಚಳಿಯ ಒಂದೆರಡು ತಿಂಗಳು ಹನ್ನೊಂದು ಜನವೂ ಜಂತಿಯ ಕೆಳಗೆ. ಆಗ ಪಡಸಾಲೆಯಲ್ಲಿ ನಿಜವಾಗಿ ಕಾಲಿಗೆ ಕಾಲು ತಾಗುತ್ತಿತ್ತು.

ಈ ಮನೆಯನ್ನು ಹೊಗಳಿ ನಿಲ್ಲಿಸಿದರೆ ನಮ್ಮವ್ವನಿಗೆ ಅನ್ಯಾಯ ಮಾಡಿದಂತಾಗುತ್ತದೆ. ಒಲೆಯ ಹೊಗೆ ಹೋಗಲು ಮಾಳಿಗೆಯಲ್ಲಿ ಒಂದು ಗವಾಕ್ಷಿ, ಮಳೆ ಬಂದರೆ ಅದರ ಮೇಲೂ ಚಪ್ಪಡಿ. ಅಂಥ ದಿನ ಅವ್ವ, ಕಾಕಿ ಅಡುಗೆಮನೆಯಿಂದ ಕೆಂಡದಂಥ ಕಣ್ಣಿಟ್ಟುಕೊಂಡು ಹೊರಬರುತ್ತಿದ್ದರು. ಬಚ್ಚಲೆಂದರೆ ಹಿತ್ತಲಲ್ಲಿ ಒಂದು ಹಾಸುಗಲ್ಲು, ಮರೆಗೆ ಒಂದು ಹಳೆಯ ಸೀರೆ. ಕತ್ತಲು ಹರಿಯುವ ಮೊದಲು ಚೆಂಬು ಹಿಡಿದು ಊರಾಚೆ ಹೋಗಿ ಬರಬೇಕು, ಆ ಹೊತ್ತು ತಪ್ಪಿದರೆ ಮತ್ತೆ ಸಂಜೆಯವರೆಗೆ ತಡೆದುಕೊಳ್ಳಬೇಕು. ಆ ಕತ್ತಲ ಕೋಣೆ ಒಂದೇ. ಅದು ಬಾಣಂತಿಗೆ ಬೇಕು, ಹೊಸದಾಗಿ ಲಗ್ನವಾದವರಿಗೆ ಬೇಕು, ಜ್ವರ ಬಂದವರಿಗೂ ಬೇಕು. ಕಾಕಾನ ಲಗ್ನವಾದ ವರ್ಷ ಅವ್ವನ ಹೆರಿಗೆಯಿತ್ತು. ಕೋಣೆ ಅವ್ವನಿಗೆ ಹೋಯಿತು. ಕಾಕಿ ಆ ಮನೆಗೆ ಬಂದು ಎಷ್ಟೋ ತಿಂಗಳು ಅತ್ತೆಯ ಪಕ್ಕದಲ್ಲೇ ಮಲಗಿದಳು. ಈ ಮಾತನ್ನು ಅವಳು ನನಗೆ ಹೇಳಿದ್ದು ತಾನು ಮುದುಕಿಯಾದ ಮೇಲೆ. ಮನೆಗೆ ಎಷ್ಟು ಜಾಗ ಸಾಕು ಎಂಬುದನ್ನು ಗಂಡಸರನ್ನು ಕೇಳಿದರೆ ಒಂದು ಉತ್ತರ ಬರುತ್ತದೆ, ಸೊಸೆಯನ್ನು ಕೇಳಿದರೆ ಇನ್ನೊಂದು. ನಾನು ಸೊಸೆಯ ಉತ್ತರವನ್ನು ಮೊದಲು ಬರೆದುಕೊಳ್ಳುತ್ತೇನೆ: ಒಳಗಿನಿಂದ ಅಗಳಿ ಹಾಕಿಕೊಳ್ಳಬಹುದಾದ ಒಂದು ಕೋಣೆ, ಮರೆಯಿರುವ ಬಚ್ಚಲು, ಮನೆಯಲ್ಲೇ ಪಾಯಖಾನೆ.

ಕಟ್ಟೆ, ಓಣಿ, ಬಯಲು ಎಲ್ಲರ ಪಾಲಿನವೂ ಆಗಿರಲಿಲ್ಲ. ಊರಾಚೆಯ ದಲಿತ ಕೇರಿಯಲ್ಲಿ ಇದ್ದದ್ದು ಒಂದಂಕಣದ ಗುಡಿಸಲುಗಳು, ಮೇಲೆ ದಂಟು, ಹುಲ್ಲು. ಆ ಮೇಲ್ಚಾವಣಿಯ ಮೇಲೆ ಮಲಗಲು ಬರುವುದಿಲ್ಲ, ಕಾಳು ಒಣಗಿಸಲು ಬರುವುದಿಲ್ಲ. ಗೌಡರ ಕಟ್ಟೆ ಅವರಿಗೆ ಕೂಡುವ ಜಾಗವಲ್ಲ, ಊರ ನಡುವಿನ ಬಾವಿ ನೀರು ಸೇದುವ ಜಾಗವಲ್ಲ. ಮೂರಂಕಣದವರಿಗೆ ಗೋಡೆಯಾಚೆ ಸಿಕ್ಕಿದ್ದೆಲ್ಲ ಒಂದಂಕಣದವರಿಗೆ ಗೋಡೆಯಾಚೆಯೂ ಸಿಗಲಿಲ್ಲ. ಸಣ್ಣ ಮನೆಯಲ್ಲೂ ಹಿಂದಿನವರು ಚೆನ್ನಾಗಿದ್ದರು ಎಂದು ಸಭೆಗಳಲ್ಲಿ ಹೇಳುವವರನ್ನು ಕೇಳಿದಾಗ ನನಗೆ ಈ ಕೇರಿ ಕಣ್ಣ ಮುಂದೆ ಬರುತ್ತದೆ.

ಕೃಷ್ಣೆ, ತುಂಗಭದ್ರೆಗಳ ನಡುವಿನ ನಮ್ಮ ದೋಆಬಿನ ಮನೆಯ ಚರಿತ್ರೆ ಬಹಳ ಹಳೆಯದು. ಮುದಗಲ್ಲಿನ ಹತ್ತಿರದ ಪಿಕ್ಲಿಹಾಳದಲ್ಲಿ 1952ರಲ್ಲಿ ಪುರಾತತ್ವಜ್ಞ ಆಲ್ಚಿನ್ ಅಗೆಸಿದರು, ಮಸ್ಕಿಯಲ್ಲಿ 1954ರಲ್ಲಿ ಥಾಪರ್ ಅಗೆಸಿದರು. ನಾಲ್ಕು ಸಾವಿರ ವರ್ಷದ ಹಿಂದೆಯೇ ಈ ಕಲ್ಲುಗುಡ್ಡಗಳ ಮಗ್ಗುಲಲ್ಲಿ ದನ ಸಾಕಿಕೊಂಡು ಜನ ನೆಲೆಸಿದ್ದರು ಎಂಬುದು ಅದರಿಂದೆಲ್ಲ ತಿಳಿಯಿತು. ಬಳ್ಳಾರಿ ಸೀಮೆಯ ತೆಕ್ಕಲಕೋಟೆಯಲ್ಲಿ 1960ರ ದಶಕದಲ್ಲಿ ನಾಗರಾಜರಾಯರು ಅಂಥವರ ದುಂಡು ಗುಡಿಸಲುಗಳ ನೆಲಗಟ್ಟನ್ನೇ ಬಿಡಿಸಿ ತೋರಿಸಿದರು. ಹುಡುಗರನ್ನು ಮಸ್ಕಿಗೆ ಅಶೋಕನ ಶಾಸನ ತೋರಿಸಲು ಕರೆದೊಯ್ದಾಗ ನಾನು ಈ ಮಾತನ್ನೂ ಹೇಳುತ್ತಿದ್ದೆ. ಸೂರು ಸಣ್ಣದು, ಅಂಗಳ ದೊಡ್ಡದು, ಮಗ್ಗುಲಲ್ಲಿ ದನ ಎಂಬ ಏರ್ಪಾಡನ್ನು ನಾವು ಮೊನ್ನೆ ಮೊನ್ನೆಯವರೆಗೆ ಬಿಟ್ಟಿರಲಿಲ್ಲ.

ಬಿಟ್ಟದ್ದು ನನ್ನ ಕಣ್ಣೆದುರಿಗೇ. ಮುತ್ಯಾ ತೀರಿಕೊಂಡ ಮೇಲೆ ಅಪ್ಪ, ಕಾಕಾ ಪಾಲಾದರು. ಮೂರಂಕಣವನ್ನು ಇಬ್ಬರಿಗೆ ಹೇಗೆ ಹಂಚುವುದು? ನಡುವಿನ ಅಂಕಣಕ್ಕೆ ಉದ್ದಕ್ಕೂ ಇಟ್ಟಿಗೆಯ ಗೋಡೆ ಬಂತು, ಕಾಕಾನ ಪಾಲಿಗೆ ಹಿತ್ತಲ ಕಡೆಯಿಂದ ಬಾಗಿಲು ಒಡೆದರು. ಮಾಳಿಗೆಯ ಮೆಟ್ಟಿಲು ಒಂದೇ ಕಡೆ ಉಳಿಯಿತು, ಅದಕ್ಕಾಗಿ ಆದ ಜಗಳ ಹೊಲಕ್ಕಾಗಿ ಆದದ್ದಕ್ಕಿಂತ ದೊಡ್ಡದು. ಅದೇ ಹೊತ್ತಿಗೆ ನಾರಾಯಣಪುರದ ಬಲದಂಡೆ ಕಾಲುವೆಯ ನೀರು ದೇವದುರ್ಗ ತಾಲ್ಲೂಕಿಗೆ ಹರಿಯಿತು. ನಾರಾಯಣಪುರದ ಅಣೆಕಟ್ಟು ಮುಗಿದದ್ದು 1982ರಲ್ಲಿ, ನೀರು ನಮ್ಮ ಕಡೆಯ ಹೊಲ ಮುಟ್ಟಿದ್ದು ಎಷ್ಟೋ ವರ್ಷದ ಮೇಲೆ. ಮಾನ್ವಿ, ಸಿಂಧನೂರಿನ ಕಡೆ ತುಂಗಭದ್ರೆಯ ಎಡದಂಡೆ ಅದಕ್ಕಿಂತ ಮುಂಚೆಯೇ ಬಂದಿತ್ತು, ಆಂಧ್ರದಿಂದ ಬಂದ ರೈತರು ಹೊಲದಲ್ಲೇ ಕ್ಯಾಂಪು ಹಾಕಿದ್ದರು. ನಮ್ಮಲ್ಲಿ ಜೋಳ ಹಿಂದೆ ಸರಿದು ಹತ್ತಿ, ಮೆಣಸಿನಕಾಯಿ, ಭತ್ತ ಬಂದವು. ಈ ಬೆಳೆಗಳನ್ನು ಯಾರೂ ವಾಡೇವಿನಲ್ಲಿ ಇಡುವುದಿಲ್ಲ, ಕೊಯ್ದ ಕೂಡಲೇ ರಾಯಚೂರಿನ ಗಂಜ್ ಮಾರುಕಟ್ಟೆಗೆ ಹೋಗುತ್ತವೆ. ಹಗೇವುಗಳು ಮುಚ್ಚಿದವು. ಟ್ರ್ಯಾಕ್ಟರ್ ಬಂದ ಮೇಲೆ ಎತ್ತುಗಳನ್ನು ಮಾರಿದರು. ದನದ ಅಂಕಣ ಖಾಲಿಯಾಯಿತು. ಅಲ್ಲಿಗೆ ಮನೆ ದೊಡ್ಡದಾಗಬೇಕಿತ್ತಲ್ಲ? ತಗ್ಗನ್ನು ಮಣ್ಣು ಹಾಕಿ ತುಂಬಿಸಿದರು, ಪರ್ಸಿ ಕೂಡಿಸಿದರು, ಅಲ್ಲಿಗೆ ಟಿವಿ, ಅಲ್ಮಾರಿ, ಬೈಕು, ಕೀಟನಾಶಕದ ಡಬ್ಬಿ, ಗೊಬ್ಬರದ ಚೀಲ ಬಂದವು. ಎತ್ತು ಹಗಲು ಹೊರಗಿರುತ್ತಿತ್ತು, ಅಲ್ಮಾರಿ ಕದಲುವುದಿಲ್ಲ.

ಆಮೇಲೆ 2009. ಸೆಪ್ಟೆಂಬರ್ ಕೊನೆಗೆ ಹತ್ತಿದ ಮಳೆ ಅಕ್ಟೋಬರ್ ಮೊದಲ ವಾರ ಕಾಲಿಟ್ಟರೂ ಬಿಡಲಿಲ್ಲ. ಅಕ್ಟೋಬರ್ 2ರಂದು ಮಂತ್ರಾಲಯ ನೀರಿನಲ್ಲಿತ್ತು. ನದಿಯಿಂದ ದೂರವಿದ್ದ ಹಳ್ಳಿಗಳಲ್ಲಿ ನೀರು ಮೇಲಿನಿಂದ ಬಂತು. ವರ್ಷ ವರ್ಷ ಹಾಕಿದ ಮಣ್ಣಿನ ಭಾರ ಹೊತ್ತಿದ್ದ ಮಾಳಿಗೆಗಳು ನೆನೆದು ಜಂತಿ ಸಮೇತ ಕುಳಿತವು. ಮಲಗಿದ್ದವರ ಮೇಲೆ ಗೋಡೆ ಬಿದ್ದು ಉತ್ತರ ಕರ್ನಾಟಕದಲ್ಲಿ ಅನೇಕರು ಸತ್ತರು. ಆ ವಾರ ನಮ್ಮ ಶಾಲೆಯ ಕೋಣೆಗಳಲ್ಲಿ ಸಂಸಾರಗಳಿದ್ದವು. ಒಬ್ಬ ಹೆಣ್ಣುಮಗಳು ತನ್ನ ಮನೆಯ ನೆನೆದ ಜಂತಿಗಳನ್ನು ಶಾಲೆಯ ಅಂಗಳಕ್ಕೆ ಹೊರಿಸಿ ತಂದು ಗೋಡೆಗೆ ಆನಿಸಿಟ್ಟಿದ್ದಳು, ಮತ್ತೆ ಕಟ್ಟುವಾಗ ಬೇಕು ಎಂದು. ಆಕೆ ಮತ್ತೆ ಮಾಳಿಗೆ ಕಟ್ಟಲಿಲ್ಲ. ಊರಲ್ಲಿ ಯಾರೂ ಕಟ್ಟಲಿಲ್ಲ. ಚೌಳು ತರುವ ಬಂಡಿ ಇಲ್ಲ, ಎತ್ತಿಲ್ಲ, ಮಾಳಿಗೆ ಮುಚ್ಚಲು ಬಲ್ಲ ಮುದುಕರೂ ತೀರಿಕೊಂಡಿದ್ದರು. ಮೊದಲೇ ಹೆದರಿದ್ದ ಜನಕ್ಕೆ ಆರ್‌ಸಿಸಿ ಎಂಬುದು ಜೀವದ ಖಾತ್ರಿಯಾಗಿ ಕಂಡಿತು. ಅದನ್ನು ನಾನು ತಪ್ಪೆನ್ನಲಾರೆ. ಸರ್ಕಾರ ದಾನಿಗಳನ್ನು ಕೂಡಿಸಿಕೊಂಡು ಆಸರೆ ಎಂಬ ಹೆಸರಿನಲ್ಲಿ ಹೊಸ ಊರುಗಳನ್ನೇ ಕಟ್ಟಿತು. ಅವುಗಳಲ್ಲಿ ಹಲವಕ್ಕೆ ಜನ ಹೋಗಲಿಲ್ಲ, ಹೋದವರಲ್ಲಿ ಕೆಲವರು ಮರಳಿದರು. ದನ ಎಲ್ಲಿ ಕಟ್ಟುವುದು, ಬಣವಿ ಎಲ್ಲಿ ಒಟ್ಟುವುದು ಎಂಬುದೇ ಅವರ ಕೊರಗು.

ಬಡವರಿಗೆ ಸರ್ಕಾರ ಮನೆ ಕೊಡುವ ಕೆಲಸ ನಮ್ಮಲ್ಲಿ ದೇವರಾಜ ಅರಸರ ಕಾಲದ ಜನತಾ ಮನೆಗಳಿಂದ ಬಿರುಸಾಯಿತು. 1985-86ರಲ್ಲಿ ಇಂದಿರಾ ಆವಾಸ್, 1991-92ರಲ್ಲಿ ಆಶ್ರಯ, ಆಮೇಲೆ ಬಸವ ವಸತಿ, ಅಂಬೇಡ್ಕರ್ ನಿವಾಸ. ಇಂದಿರಾ ಆವಾಸಿನಲ್ಲಿ ಮನೆಯ ಕನಿಷ್ಠ ಅಳತೆ 20 ಚದರ ಮೀಟರ್ ಇತ್ತು. 2016ರಲ್ಲಿ ಅದೇ ಪ್ರಧಾನಮಂತ್ರಿ ಆವಾಸ್ ಗ್ರಾಮೀಣವಾದಾಗ ಅಡುಗೆಯ ಜಾಗ ಸೇರಿ 25 ಚದರ ಮೀಟರ್, ನಮ್ಮ ಲೆಕ್ಕದಲ್ಲಿ 269 ಚದರಡಿ. ಬಯಲುಸೀಮೆಗೆ ಸಹಾಯಧನ 1,20,000 ರೂಪಾಯಿ. ಇದನ್ನು ನಾನು ಸಣ್ಣ ಸಾಧನೆ ಎನ್ನುವುದಿಲ್ಲ. 2002ರಲ್ಲಿ ನಂಜುಂಡಪ್ಪ ಸಮಿತಿ ಅತಿ ಹಿಂದುಳಿದವುಗಳಲ್ಲಿ ಎಣಿಸಿದ ತಾಲ್ಲೂಕು ನಮ್ಮದು. ಕೇರಿಯ ಹುಲ್ಲಿನ ಸೂರು ಹೋಗಿ ಗಟ್ಟಿ ಗೋಡೆ ಬಂದದ್ದನ್ನು ಕಣ್ಣಾರೆ ಕಂಡವಳಿಗೆ ಅದರ ಬೆಲೆ ಗೊತ್ತು. ಐದು ಜನರ ಕುಟುಂಬಕ್ಕೆ 269 ಚದರಡಿ ಎಂದರೆ ತಲೆಗೆ 54. ನಮ್ಮ ಮೂರಂಕಣದಲ್ಲಿ 38 ಸಹ ಇರಲಿಲ್ಲ ಎಂದು ಹೇಳಿದೆನಲ್ಲ, ಆ ಲೆಕ್ಕಕ್ಕೆ ಇಂದಿನ ಬಡವನ ಮನೆಯಲ್ಲಿ ತಲೆಗೆ ಸಿಗುವ ಜಾಗ ನಮ್ಮದರ ಹೆಚ್ಚುಕಡಿಮೆ ಒಂದೂವರೆ ಪಾಲು! ಆದರೂ ಕಾಲೋನಿಯ ಆ ಮನೆಗಳಲ್ಲಿ ಮೇ ತಿಂಗಳ ರಾತ್ರಿ ಹತ್ತು ನಿಮಿಷ ಕೂತರೆ ಸಾಕು, ಉಸಿರು ಕಟ್ಟುತ್ತದೆ. ಹಗಲೆಲ್ಲ ಕಾದ ಸ್ಲ್ಯಾಬು ರಾತ್ರಿ ಕೆಳಗೆ ಕಾವು ಬಿಡುತ್ತಿರುತ್ತದೆ. ಗೋಡೆ ತೆಳು, ಗೂಡಿಲ್ಲ, ಸಾಮಾನೆಲ್ಲ ನೆಲದ ಮೇಲೆ. ಮುಂದೆ ಕಟ್ಟೆಗೆ ಜಾಗ ಬಿಡದೆ ರಸ್ತೆ. ಮೇಲೆ ಸಮತಟ್ಟಾದ, ಗಟ್ಟಿಮುಟ್ಟಾದ, ನೆನೆದರೂ ಬೀಳದ ಚಾವಣಿಯಿದೆ. ಅದಕ್ಕೆ ಹೋಗಲು ಮೆಟ್ಟಿಲಿಲ್ಲ.

ಇದನ್ನು ಹೇಳಲೆಂದೇ ಇಷ್ಟು ದೂರ ಬಂದೆ. ಅಂದಾಜುಪಟ್ಟಿಯಲ್ಲಿ ಗೋಡೆ, ಬಾಗಿಲು, ಸ್ಲ್ಯಾಬು ಇರುತ್ತವೆ, ಮೆಟ್ಟಿಲು ಇರುವುದಿಲ್ಲ. ಇರುವ ದುಡ್ಡಿನಲ್ಲಿ ಅದೇ ಮೊದಲು ಕಡಿತವಾಗುವ ಬಾಬು. ಜನ ಕಟ್ಟಿಗೆಯ ನಿಚ್ಚಣಿಕೆ ಆನಿಸುತ್ತಾರೆ. ಹುಡುಗರು ಹತ್ತುತ್ತಾರೆ. ಸೀರೆ ಉಟ್ಟವಳು ಕಂಕುಳಲ್ಲಿ ಕೂಸು, ಕೈಯಲ್ಲಿ ಹಾಸಿಗೆ ಹಿಡಿದು ಹೇಗೆ ಹತ್ತಬೇಕು? ಮುದುಕಿ ನಡುರಾತ್ರಿ ಒಂದಕ್ಕೆಂದು ಹೇಗೆ ಇಳಿಯಬೇಕು? ಗಂಡಸರು ಮೇಲೆ ಮಲಗುತ್ತಾರೆ, ಹೆಂಗಸರು ಮಕ್ಕಳು ಕೆಳಗೆ ಬೇಯುತ್ತಾರೆ. ಮನೆಯ ಅರ್ಧ ಜಾಗ ಮನೆಯ ಅರ್ಧ ಜನಕ್ಕೆ ಇಲ್ಲದಂತಾಯಿತು.

ಕನಿಷ್ಠ ಮನೆ ಎಷ್ಟಿರಬೇಕು ಎಂದು ತಲೆ ಕೆಡಿಸಿಕೊಂಡವರು ನಾವೊಬ್ಬರೇ ಅಲ್ಲ. 1929ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಯುರೋಪಿನ ಹೊಸ ಕಾಲದ ವಾಸ್ತುಶಿಲ್ಪಿಗಳು ಸಭೆ ಸೇರಿ ಇದನ್ನೇ ಚರ್ಚಿಸಿದರು. ಅದೇ ಊರಿನ ಕಾರ್ಮಿಕರ ಮನೆಗಳಿಗೆಂದು 1926ರಲ್ಲಿ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ ಎಂಬ ಹೆಣ್ಣುಮಗಳು ಗೃಹಿಣಿಯ ಹೆಜ್ಜೆಗಳನ್ನು ಲೆಕ್ಕ ಹಾಕಿ ಪುಟ್ಟ ಅಡುಗೆಮನೆಯೊಂದನ್ನು ರೂಪಿಸಿದ್ದಳು. ಚಳಿದೇಶದ ಲೆಕ್ಕ ಅದು, ಅಲ್ಲಿ ಗೋಡೆಯೊಳಗಿದ್ದಷ್ಟೇ ಮನೆ. ನಮ್ಮ ಬಿಸಿಲಿಗೆ ಹೊಂದುವ ಮಾತು ಹೇಳಿದವರು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. 1930ರಲ್ಲಿ ಸಿಕಂದರಾಬಾದಿನಲ್ಲಿ, ಅಂದರೆ ನಮ್ಮದೇ ಹೈದರಾಬಾದ್ ರಾಜ್ಯದಲ್ಲಿ ಹುಟ್ಟಿದವರು. ಅಂಗಳ, ಮಾಳಿಗೆಗಳು ವರ್ಷದ ಬಹುಪಾಲು ಕೋಣೆಯಂತೆಯೇ ಬಳಕೆಯಾಗುತ್ತವೆ, ಅವನ್ನೂ ಮನೆಯ ಜಾಗವೆಂದೇ ಎಣಿಸಬೇಕು ಎಂಬುದು ಅವರ ವಾದ. ನವಿ ಮುಂಬೈಯ ಬೇಲಾಪುರದಲ್ಲಿ 1980ರ ದಶಕದಲ್ಲಿ ಹಾಗೆಯೇ ಕಟ್ಟಿ ತೋರಿಸಿದರು. ಪ್ರತಿ ಮನೆಗೂ ಸ್ವಂತ ನಿವೇಶನ, ಸ್ವಂತ ಅಂಗಳ, ಏಳೇಳು ಮನೆಗಳಿಗೆ ಕೂಡಿ ಒಂದು ಬಯಲು, ಕೈಯಲ್ಲಿ ದುಡ್ಡು ಬಂದಂತೆ ಬೆಳೆಸಿಕೊಳ್ಳುವ ಅವಕಾಶ.

ನಮ್ಮೂರಿನ ಹುಡುಗರು ಕಟ್ಟುವ ಮನೆಗಳು ಬೇರೆಯವರವು. ಸುಗ್ಗಿ ಮುಗಿದರೆ ದೇವದುರ್ಗದಿಂದ ಬೆಂಗಳೂರು, ಹೈದರಾಬಾದ್, ಪುಣೆಗೆ ಬಸ್ಸು ತುಂಬಿ ಗುಳೆ ಹೋಗುತ್ತದೆ. ನನ್ನ ಬಳಿ ಕಲಿತ ಒಬ್ಬ ಹುಡುಗ, ಈಗ ಗೌಂಡಿ, ಬೆಂಗಳೂರಿನಲ್ಲಿ ಬಹುಮಹಡಿಯ ಫ್ಲ್ಯಾಟುಗಳಿಗೆ ಗಾರೆ ಮಾಡುತ್ತಾನೆ. ಹೆಂಡತಿ, ಎರಡು ಮಕ್ಕಳೊಂದಿಗೆ ಅವನಿದ್ದದ್ದು ಹತ್ತಡಿಗೆ ಹತ್ತಡಿಯ ತಗಡಿನ ಶೆಡ್ಡಿನಲ್ಲಿ. ಕಟ್ಟಡ ಕಾರ್ಮಿಕರಿಗೆ ಕೆಲಸದ ಜಾಗದಲ್ಲಿ ಇಲ್ಲವೇ ಅದರ ಹತ್ತಿರದಲ್ಲಿ ಬಾಡಿಗೆಯಿಲ್ಲದೆ ವಸತಿ ಕೊಡಬೇಕೆಂದು 1996ರ ಕಾಯ್ದೆ ಹೇಳುತ್ತಿತ್ತು, ಅಡುಗೆ, ಸ್ನಾನ, ಶೌಚಕ್ಕೂ ಪ್ರತ್ಯೇಕ ಏರ್ಪಾಡು ಇರಬೇಕು ಎನ್ನುತ್ತಿತ್ತು. "ಶೆಡ್ಡು ಸಣ್ಣದಂತ ಅಲ್ರೀ ಅಕ್ಕೋರ," ಅಂದ ಅವನು, "ಹೊರಗ ಕೂಡಾಕ ಜಾಗ ಇಲ್ಲ. ಕೆಲಸ ಬಿಟ್ಟ ಮ್ಯಾಲ ಮಕ್ಕಳನ್ನ ಒಳಗಾ ಹಿಡದು ಕೂಡಿಸಬೇಕು." ನೂರು ಚದರಡಿಗೆ ನಾಲ್ಕು ಜನ, ತಲೆಗೆ 25. ಮೇಲೆ ತಗಡು, ಹೊರಗೆ ಕಬ್ಬಿಣ, ಗುಂಡಿ, ಲಾರಿ.

ಅವನೀಗ ಊರಿಗೆ ಮರಳಿದ್ದಾನೆ. ಕಾಲೋನಿಯಲ್ಲಿ ತನ್ನ ಮನೆಗೆ ಮೆಟ್ಟಿಲು ಕೂಡಿಸಿಕೊಂಡಿದ್ದಾನೆ, ನಮ್ಮ ಹಳೆಯ ಹಿತ್ತಲ ಗೋಡೆಯಲ್ಲಿದ್ದಂಥವೇ ಕಲ್ಲಿನ ಚಪ್ಪಡಿಗಳು. ತೆಳು ಗೋಡೆಗೆ ಚಪ್ಪಡಿ ಚುಚ್ಚಿದರೆ ಬಿರಿಯುತ್ತದೆ ಎಂದು ಮಗ್ಗುಲಲ್ಲಿ ಒಂದಡಿ ದಪ್ಪದ ಬೇರೆ ಗೋಡೆ ಏರಿಸಿ, ಚಪ್ಪಡಿಯ ಎರಡು ತುದಿಯನ್ನೂ ಎರಡು ಗೋಡೆಗೆ ಕೂಡಿಸಿದ. ಆ ಎರಡು ಗೋಡೆಗಳ ನಡುವೆ, ಮೆಟ್ಟಿಲ ಕೆಳಗೆ ಪಾಯಖಾನೆಗೆ ಒಂದು ಮೂಲೆ ಸಿಕ್ಕಿತು. ಸ್ವಚ್ಛ ಭಾರತದ 12,000 ರೂಪಾಯಿ ಅದಕ್ಕೆ ಬಂತು. ಸ್ಲ್ಯಾಬಿನ ಸುತ್ತ ಮೂರಡಿ ಮೋಟುಗೋಡೆ, ಮೇಲೆ ಸುಣ್ಣ. ಓಣಿಯ ಇನ್ನೂ ನಾಲ್ಕೈದು ಮನೆಯವರು ಹತ್ತಿ ಮಾರಿದ ದುಡ್ಡಿನಲ್ಲಿ ಅವನನ್ನೇ ಕರೆದು ಹಾಗೆಯೇ ಮಾಡಿಸಿದ್ದಾರೆ.

ಕಳೆದ ಗ್ರಾಮಸಭೆಯಲ್ಲಿ ನಾವು ಕೆಲವು ಹೆಂಗಸರು ಎದ್ದು ನಿಂತು ಕೇಳಿದೆವು. ಮುಂದಿನ ಮನೆಗಳ ಅಂದಾಜಿನಲ್ಲಿ ಮೆಟ್ಟಿಲು ಸೇರಿಸಿ, ಮುಂದೆ ನಾಲ್ಕಡಿ ಕಟ್ಟೆಗೆ ಜಾಗ ಬಿಡಿ, ಒಳಗಿನ ಕೋಣೆಗೆ ಅಗಳಿಯಿರುವ ಬಾಗಿಲು ಹಾಕಿ, ಅದಕ್ಕೆ ದುಡ್ಡು ಸಾಲದಿದ್ದರೆ ಒಳಗಿನ ಅಳತೆಯಲ್ಲಿ ಹತ್ತು ಚದರಡಿ ಕಡಿಮೆಯಾದರೂ ನಡೆಯುತ್ತದೆ ಎಂದೆವು. ಕನಿಷ್ಠ ಅಳತೆ ಕಡಿಮೆ ಮಾಡಲು ಬರುವುದಿಲ್ಲ, ಮೆಟ್ಟಿಲಿಗೆ ಬಾಬಿಲ್ಲ ಎಂಬ ಉತ್ತರ ಬಂತು. ಠರಾವು ಪುಸ್ತಕದಲ್ಲಿ ನಮ್ಮ ಬೇಡಿಕೆ ಬರೆಸಿ, ಸಹಿ ಮಾಡಿ, ಹೆಬ್ಬೆಟ್ಟು ಒತ್ತಿಸಿ ಬಂದಿದ್ದೇವೆ. ಅದರ ನಕಲನ್ನು ದೇವದುರ್ಗದ ತಾಲ್ಲೂಕು ಪಂಚಾಯಿತಿಗೂ ರಾಯಚೂರಿನ ಜಿಲ್ಲಾ ಪಂಚಾಯಿತಿಗೂ ಕಳಿಸಿದ್ದೇವೆ. ಮುಂದಿನ ಸಭೆಯಲ್ಲಿ ಮತ್ತೆ ಕೇಳುತ್ತೇವೆ.